ಎರಡಕ್ಷರ ಬಿಟ್ಟ ಒಗಟು

"ಸೋಮವಾರ ಮುಂಜಾನಿ ಆ ಒಗಟ ಹಾಕಾವನ ಹೆಸರ ನನ್ನ ಮುಂದ ಇರಬೇಕು. ಇಲ್ಲಾಂದ್ರ ನೀನಾ ಅಂತ ತಿಳಕೊಂಡ ಹೊರಗ ಹಾಕತೇನಿ."

ಮಾಲೀಕ ಅಣ್ಣಾಸಾಹೇಬ ಇದನ್ನು ಹೇಳುವಾಗ ಬನಹಟ್ಟಿಯ ಆ ಶೆಡ್ಡಿನ ಹದಿನಾರೂ ಮಗ್ಗಗಳು ಓಡುತ್ತಿದ್ದವು. ಆ ಗದ್ದಲದಲ್ಲಿ ಬೇರೆ ಯಾರಿಗೂ ಕೇಳಿಸಲಿಲ್ಲ. ನೇಕಾರ ದುರಗೇಶನಿಗೆ ಮಾತ್ರ ಕಿವಿಯಲ್ಲಿ ಕಾದ ಎಣ್ಣೆ ಹೊಯ್ದಂತಾಯಿತು.

'ಒಡದ ಹೇಳ್ರಿ' ಎಂಬ ಇನ್‌ಸ್ಟಾಗ್ರಾಂ ಪುಟ ಹುಟ್ಟಿ ಹದಿನೈದು ದಿನವಾಗಿತ್ತು. ಯಾರದೋ ಗೊತ್ತಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಒಂದು ಒಗಟು ಬರುತ್ತಿತ್ತು. "ಹೊಟ್ಟೆಯಿಲ್ಲದ್ದು, ನೂಲು ತಿಂದು ಸೀರೆ ಉಗುಳುವುದು. ಒಂದು ದಿನ ಬೇರೇನೋ ತಿಂದಿತು. ಏನು?" ರಬಕವಿಯಿಂದ ಚಿಮ್ಮಡದವರೆಗೆ ಜನ ತಲೆ ಕೆರೆದುಕೊಂಡರು. ಕೊನೆಗೆ ಯಾರೋ ಒಡೆದರು: ಹಣಮಪ್ಪನ ಎರಡು ಬೆರಳು.

ಹಣಮಪ್ಪ ಇದೇ ಶೆಡ್ಡಿನಲ್ಲಿ ದುರಗೇಶನ ಪಕ್ಕದ ಮಗ್ಗದವನು, ಅವನಿಗೆ ಅಣ್ಣನಂತಿದ್ದವನು. ಅವನ ಮಗ್ಗದ ಗೇರಿನ ಮುಚ್ಚಳ ಮುರಿದು ತಿಂಗಳಾದರೂ ಹೊಸದು ಬಂದಿರಲಿಲ್ಲ. ಕೈ ಸಿಕ್ಕಿತು. ವಿಚಾರಣೆಗೆ ಬಂದ ಸರಕಾರಿ ಅಧಿಕಾರಿಗಳ ಮುಂದೆ ದುರಗೇಶ, ಮಾಲೀಕ ಹೇಳಿಕೊಟ್ಟಂತೆ, "ಕುಡದ ಬಂದಿದ್ದರೀ" ಎಂದುಬಿಟ್ಟಿದ್ದ. ಹಣಮಪ್ಪ ಹುಟ್ಟಿದಾಗಿನಿಂದ ಸೆರೆ ಮುಟ್ಟಿದವನಲ್ಲ.

ಈಗ ಶನಿವಾರದ ಒಗಟು ಬಂದಿತ್ತು: "ತಮ್ಮನಿಗಿಂತ ಮೊದಲು ಹುಟ್ಟಿದವನೇ ಎಂದು ಬಾಯ್ತುಂಬ ಕರೆಯುತ್ತಿದ್ದವನು, ಮಾತಿನಲ್ಲೇ ಅವನಿಗೆ ಸೆರೆ ಕುಡಿಸಿದ. ಯಾರವನು? ಸೋಮವಾರ ನಾನೇ ಹೇಳುತ್ತೇನೆ."

ತನ್ನ ಹೆಸರು ಬೀದಿಗೆ ಬೀಳುವ ಮೊದಲು ಒಗಟು ಬರೆಯುವ ಆ ಕೈಯನ್ನು ಮುರಿಯಬೇಕು ಎಂದುಕೊಂಡು ದುರಗೇಶ ರವಿವಾರ ತೇರದಾಳಕ್ಕೆ ಹೋದ. ಅಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಅಭಿನಂದನ ಮೊದಲು ಅಣ್ಣಾಸಾಹೇಬನ ಹತ್ತಿರ ಸೀರೆಯ ಡಿಸೈನು ಮಾಡುತ್ತಿದ್ದ, ಜಗಳಾಡಿ ಬಿಟ್ಟಿದ್ದ.

"ನೀನಾ ಹಾಕಾಕತ್ತೀದಿ. ಒಪ್ಪಕೋ," ಎಂದು ದುರಗೇಶ ಕೌಂಟರಿನ ಮೇಲೆ ಕೈ ಅಪ್ಪಳಿಸಿದ.

"ಗಾಜ ಒಡದ್ರ ಹೊಸಾದ ನೀ ಹಾಕಸ್ತಿ," ಅಭಿನಂದನ ಕುಂತಲ್ಲಿಂದ ಏಳಲಿಲ್ಲ. "ನಾ ಬೈಬೇಕಂದ್ರ ಹೆಸರ ಹಿಡದ ಬೈತೇನಿ. ಒಗಟ ಹಾಕಾಕ ನನಗೇನ ಬ್ಯಾರೆ ಕೆಲಸ ಇಲ್ಲೇನು? ಸಾಲಿ ಬಿಟ್ಟಾವಗ ಓದಾಕರ ಬರತೈತಿಲ್ಲೊ?"

"ಬಾಯಿ ಸಂಬಾಳಿಸಿ ಮಾತಾಡು. ಏಳನೇತ್ತೆ ತನಕಾ ಕಲತೇನಿ."

"ಹಂಗಾರ ಸರಿಯಾಗಿ ಓದು. 'ತಮ್ಮನಿಗಿಂತ ಮೊದಲು ಹುಟ್ಟಿದವನು.' ಅಣ್ಣ ಅಂದ್ರ ಮುಗೀತಿತ್ತು, ಎರಡಕ್ಷರ. ಇಷ್ಟ ಸುತ್ತ ಹಾಕಿ ಯಾರರ ಬರೀತಾರೇನು? ಹಿಂದಿನೂ ನೋಡು, ಎಲ್ಲೂ ಆ ಮಾತಾ ಇಲ್ಲ. ಯಾವನೊ ಹುಚ್ಚ. ಏಳು, ಗಿರಾಕಿ ಬಂದಾರ."

ದುರಗೇಶ ಹಲ್ಲು ಕಡಿಯುತ್ತ ಬನಹಟ್ಟಿಯ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಒಗಟುಗಳನ್ನು ಕೆಳಗಿನಿಂದ ಮೇಲೆ ಓದಿದ. ಖರೆ, ಎಲ್ಲೂ ಇರಲಿಲ್ಲ. ಪಕ್ಕದ ಸೀಟಿನ ಮುದುಕಿ, "ಈ ಬಸ್ ಚಿಮ್ಮಡಕ್ಕ ಹೊಕ್ಕೈತೇನ್ರಿ?" ಎಂದು ಕಂಡಕ್ಟರನನ್ನು ಕೇಳಿದಳು. ದುರಗೇಶನ ಕೈ ಫೋನಿನ ಮೇಲೆ ನಿಂತುಬಿಟ್ಟಿತು.

ಅವನ ಅವ್ವ ಮುತ್ತವ್ವ ಇವತ್ತಿಗೂ ಬಸ್ಸಿಗೆ ಬಸ್ಸು ಅನ್ನುವುದಿಲ್ಲ. ಕೆಂಪು ಗಾಡಿ ಅನ್ನುತ್ತಾಳೆ. ಅಪ್ಪನ ಹೆಸರು ಬಸಪ್ಪ. ಗಂಡನ ಹೆಸರು ಬಾಯಲ್ಲಿ ಬರಬಾರದು, ಹೆಸರಿನ ತುಣುಕೂ ಬರಬಾರದು.

ಅಣ್ಣ ಎಂದು ಬರೆಯಲಾರದವಳು ಯಾರ ಹೆಂಡತಿ?

ಸೋಮವಾರ ಮುಂಜಾನೆ ಬಂಗಲೆಗೆ ಹೋದಾಗ ಅಣ್ಣಾಸಾಹೇಬ ಸ್ನಾನಕ್ಕಿದ್ದ. ಅವನ ಹೆಂಡತಿ ಪ್ರತಿಮಾ ಚಹಾ ತಂದಿಟ್ಟಳು.

"ಅಕ್ಕಾರ, ತಮ್ಮಗಿಂತ ಮೊದಲ ಹುಟ್ಟಿದಾವಗ ಏನಂತಾರ್ರಿ?"

"ದಾದಾ," ಎಂದಳು.

"ಅದು ಮರಾಠಿ ಆತು. ಕನ್ನಡದಾಗ?"

ಅವಳ ಮುಖ ಸುಣ್ಣವಾಯಿತು. ಆಮೇಲೆ ತಣ್ಣಗೆ ಹೇಳಿದಳು: "ಹೇಳ ಹೋಗು ಇವರ ಮುಂದ. ಮಂದಿ ಮ್ಯಾಲ ಹೇಳೂದು ನಿನಗ ರೂಢಿ ಐತೆಲ್ಲ."

"ನೀವ ಬಂಗ್ಲೇದಾಗ ಕುಂತ ನನ್ನ ಚುಚ್ಚತೀರಿ. ಮುಚ್ಚಳ ಮುರದಿದ್ದು ನಿಮಗ ಗೊತ್ತಿರಲಿಲ್ಲೇನ್ರಿ?"

"ಮೂರ ಸಲ ಹೇಳೇನಿ. ಈ ಮನ್ಯಾಗ ನನ್ನ ಮಾತ ಯಾರ ಕೇಳತಾರ? ನೀ ಅಲ್ಲೇ ಇದ್ದಿ. ವಿಚಾರಣೆಗೆ ಬಂದಾವ್ರು ನಿನ್ನನ್ನ ಬಾಯಿಬಿಟ್ಟ ಕೇಳಿದ್ರು."

ಕೆನ್ನೆಗೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಉತ್ತರ ಕೊಡಲು ಅವನಲ್ಲಿ ಒಂದೇ ಉತ್ತರವಿತ್ತು. ಫೋನು ತೆಗೆದು ಒಗಟಿನ ಕೆಳಗೆ ಟೈಪು ಮಾಡಿದ, ಹಾಕಿಯೂಬಿಟ್ಟ.

ಅಣ್ಣಾಸಾಹೇಬ ತಲೆ ಒರೆಸಿಕೊಳ್ಳುತ್ತ ಬಂದ. "ಸಿಕ್ಕನೇನಲೇ?"

"ಉತ್ತರ ಸಿಕ್ಕೈತ್ರಿ, ಸಾವಕಾರ. ನೋಡ್ರಿ," ಎಂದು ಫೋನು ಮುಂದೆ ಹಿಡಿದ.

ಓದುವ ಚಾಳೀಸು ಒಳಗಿತ್ತು. ಅಣ್ಣಾಸಾಹೇಬ ಕಣ್ಣು ಕಿರಿದು ಮಾಡಿ ನೋಡಿ ಫೋನನ್ನು ಹೆಂಡತಿಯ ಕೈಗೆ ತುರುಕಿದ. "ಓದು."

"ಓದ್ರಿ ಅಕ್ಕಾರ," ಎಂದ ದುರಗೇಶ. "ಜೋರಾಗಿ."

"ಸುಳ್ಳು ಹೇಳಿದವನು ನಾನು, ದುರಗೇಶ," ಪ್ರತಿಮಾ ಓದಿದಳು. "ಹಣಮಪ್ಪ ಕುಡಿದಿರಲಿಲ್ಲ. ಮಗ್ಗಕ್ಕೆ ಮುಚ್ಚಳ ಇರಲಿಲ್ಲ. ಸುಳ್ಳು ಹೇಳಿಕೊಟ್ಟವನು..."

ನಿಂತಳು.

"ಯಾಕ ನಿಂತಿ? ಮುಂದ ಓದು," ಎಂದು ಗಂಡ ಗುರುಗುಟ್ಟಿದ. "ಯಾವ ಮಗನ ಹೆಸರ ಬರದಾನು?"

ದುರಗೇಶ ಚಹಾ ಮುಟ್ಟದೆ, ಫೋನನ್ನೂ ಅವಳ ಕೈಯಲ್ಲೇ ಬಿಟ್ಟು, ಹೊರಗೆ ಹೋಗಿ ಚಪ್ಪಲಿ ಮೆಟ್ಟುತ್ತಿದ್ದ. ಹಿಂದಿನಿಂದ ಪ್ರತಿಮಾಳ ದನಿ ಬಂತು, ಮಗ್ಗದ ಗದ್ದಲದಲ್ಲೂ ಕೇಳಿಸುವಷ್ಟು ಗಟ್ಟಿಯಾಗಿ.

"ಅಣ್ಣಾಸಾಹೇಬ."