ಮಾರ್ಲಿಸ್ ದೂರಲಿಲ್ಲ

ಹೊಸ ಕಂಪ್ಯೂಟರಿಗೆ ಆರುನೂರು ಡಾಲರ್. ಅಪ್‌ಡೇಟ್ ನಿಂತುಹೋದ ಹಳೆಯದಕ್ಕೆ ಲಿನಕ್ಸ್ ಎಂಬ ಪುಕ್ಕಟೆ ಕಾರ್ಯವ್ಯವಸ್ಥೆ ಹಾಕಿಕೊಂಡರೆ ಖರ್ಚೇ ಇಲ್ಲ. ಪಕ್ಕದ ಮನೆಯ ಮಾರ್ಲಿಸ್‌ಗೆ ಹೀಗೆ ಲೆಕ್ಕ ಒಪ್ಪಿಸಿ ನಾನೇ ಹಾಕಿಕೊಟ್ಟೆ. ಗಂಡ ತೀರಿಕೊಂಡ ಮೇಲೆ ಅವಳು ಒಂಟಿ. ನಾನು ಮೊದಲಿನಿಂದಲೂ ಒಂಟಿ. ಹೇಗಿದೆ ಎಂದು ಕೇಳಿದಾಗಲೆಲ್ಲ, "ಚೆನ್ನಾಗೇ ಇದೆ, ಅರ್ನಿ" ಎನ್ನುತ್ತಿದ್ದಳು.

ನಮ್ಮೂರು ಡುಲುತ್‌ನ ಸರೋವರದ ಮಂಜುಗಡ್ಡೆ ಒಡೆಯುವ ಹೊತ್ತಿಗೆ ಫಾರ್ಗೋ ಊರಿನಿಂದ ಅವಳ ತಂಗಿ ನನಗೆ ಫೋನ್ ಮಾಡಿದಳು. "ಅವಳ ಕಂಪ್ಯೂಟರ್‌ಗೆ ಅದೇನ್ ಮಾಡಿಟ್ಯೋ ಮಾರಾಯಾ? ದಿನಾ ಸಂಜೆ ನಾವಿಬ್ರೂ ಅದ್ರಲ್ಲಿ ಇಸ್ಪೀಟ್ ಆಡ್ತಿದ್ವಿ. ಈಗ ಅವ್ಳು ಆಟಕ್ಕೆ ಬರೋದೇ ಇಲ್ಲ!"

ಆ ಆಟ ಲಿನಕ್ಸಿನಲ್ಲಿ ನಡೆಯುತ್ತಿರಲಿಲ್ಲ. ಕೂಡಲೇ ಮಾರ್ಲಿಸ್ ಮನೆಗೆ ಹೋದೆ.

"ನಂಗ್ಯಾಕೆ ಹೇಳ್ಲಿಲ್ಲ?"

"ಪುಕ್ಕಟೆ ಮಾಡ್ಕೊಟ್ಟಿದ್ದೀಯ. ದೂರಿದ್ರೆ ಚೆನ್ನಾಗಿರುತ್ತಾ?"

"ಇದ್ರಲ್ಲೂ ಇಸ್ಪೀಟಿದೆ. ಕಂಪ್ಯೂಟರ್ ಜೊತೇನೇ ಆಡು."

"ಅದು ಸೋತ್ರೆ ಬೈಯಲ್ಲ, ಗೆದ್ರೆ ಅಣಕಿಸಲ್ಲ. ಏನ್ ಮಜಾ?"

ಆ ವಾರವೇ ಹೊಸ ಕಂಪ್ಯೂಟರನ್ನೇ ಕೊಂಡಳು. ಈಗ ಸಂಜೆ ಅವಳ ಮನೆಯಿಂದ ನಗು ಕೇಳಿಸುತ್ತದೆ. ಅವಳಿಗೆ ತಂಗಿ ಮರಳಿ ಸಿಕ್ಕಳು. ನಮ್ಮ ಬೀದಿಯಲ್ಲಿ ಲಿನಕ್ಸ್ ಬಳಸುವವನಾಗಿ ನಾನೊಬ್ಬನೇ ಉಳಿದೆ.