ಸೋದರಮಾವನ ತೊಡೆ

ಎರಡು ಜಡೆ ಹಾಕಿಕೊಂಡು ಕಾಲಾಡಿಸುತ್ತ ಕೂತಿದ್ದ ಮಗುವನ್ನು ಕಂಡು ವೇದಶ್ರೀ ಟೀಚರು ಅರ್ಜಿಯಲ್ಲಿ ‘ಹೆಣ್ಣು’ ಎಂಬ ಕಡೆ ಗುರುತು ಹಾಕಿಯೇಬಿಟ್ಟಿದ್ದರು. ಹೆಸರೇನೆಂದು ಕೇಳಿದಾಗ ತಾಯಿ ಸ್ವಪ್ನಾ ‘ಸುಗೂರೇಶ’ ಎಂದಳು. ಟೀಚರ ಪೆನ್ನು ಅಲ್ಲೇ ನಿಂತಿತು. ಹಾಕಿದ ಗುರುತನ್ನು ಹೊಡೆದು ಮಗುವನ್ನು ಇನ್ನೊಮ್ಮೆ ನೋಡಿದರು. ಅವನ ಲಕ್ಷ್ಯವೆಲ್ಲ ಮೇಜಿನ ಮೇಲಿದ್ದ ಹಿತ್ತಾಳೆಯ ಗಂಟೆಯ ಮೇಲಿತ್ತು.

ಜಾವಳ ಆಗಿಲ್ಲವೇನು, ಮೊದಲ ಕೂದಲು ದೇವರ ಹರಕೆಯದೇನು ಎಂದು ಅವರೇ ಕೇಳಿದರು. ರಾಯರ ಮಠಕ್ಕೆ ನಡೆದುಕೊಳ್ಳುವ ಮನೆತನದವರು, ಹರಕೆ ಎಂದರೇನೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆದರೆ ಆಡಳಿತದವರ ನಿಯಮಕ್ಕೆ ಹರಕೆ ಗೊತ್ತಿಲ್ಲ. ಗಂಡುಮಕ್ಕಳ ಕೂದಲು ಕಿವಿಯಿಂದ ಕೆಳಗಿಳಿಯಬಾರದು. ಸೋಮವಾರ ನರ್ಸರಿ ಶುರುವಾಗುತ್ತದೆ, ಅಷ್ಟರೊಳಗೆ ಆಗದಿದ್ದರೆ ಮುಂದಿನ ವರ್ಷ ಕರೆತನ್ನಿ ಎಂದು ಟೀಚರು ಮೆತ್ತಗೆ ಹೇಳಿದರು.

‘ಮುಂದಿನ ವರ್ಷ’ ಎಂಬ ಮಾತು ಸ್ವಪ್ನಾಳಿಗೆ ಮೈಗೆ ಆಗಿಬರುವುದಿಲ್ಲ. ದೇವದುರ್ಗದ ತವರಿನಲ್ಲಿ ಆರು ತುಂಬಿ ಶಾಲೆಗೆ ಹೊರಟವಳ ಕಂಕುಳಿಗೆ ಅವಳವ್ವ ತಮ್ಮ ಗಡಿಗೆಪ್ಪನನ್ನು ಏರಿಸಿದ್ದಳು. ದೊಡ್ಡವರು ಹೊಲಕ್ಕೆ ಹೋದರೆ ಕೂಸು ನೋಡಿಕೊಳ್ಳಲು ಯಾರಾದರೂ ಬೇಕಲ್ಲ. ಮುಂದಿನ ವರ್ಷ ಹೋದರಾಯಿತು ಎಂದರು. ಆ ಮುಂದಿನ ವರ್ಷ ಬರಲು ಮೂರು ವರ್ಷ ಹಿಡಿಯಿತು. ಒಂಬತ್ತರ ಹುಡುಗಿ ಒಂದನೆಯ ತರಗತಿಯಲ್ಲಿ ಮುಂದೆ ಕೂತರೆ ಹಿಂದಿನವರಿಗೆ ಬೋರ್ಡೇ ಕಾಣುತ್ತಿರಲಿಲ್ಲ. ಮಕ್ಕಳು ಅವಳನ್ನು ‘ಅಮ್ಮಾ’ ಎಂದು ಕರೆದು ನಗುತ್ತಿದ್ದವು. ಐದನೆಯ ತರಗತಿಗೆ ಬಿಟ್ಟುಬಿಟ್ಟಳು. ಅವಳ ಕಂಕುಳಲ್ಲಿ ಬೆಳೆದ ತಮ್ಮ ಮಾತ್ರ ಡಿಗ್ರಿ ಮುಗಿಸಿ ದೇವದುರ್ಗದಲ್ಲೇ ಬೀಜ-ಗೊಬ್ಬರದ ಅಂಗಡಿ ಇಟ್ಟ.

ಈಗ ಅವಳ ಮಗನ ದಾರಿಗೂ ಅವನೇ ಅಡ್ಡ ಕೂತಿದ್ದ. ಜಾವಳವೆಂದರೆ ಕೂಸು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಮೊದಲ ಕೂದಲಿಗೆ ಅವನೇ ಕತ್ತರಿ ಹಾಕಬೇಕು, ಆಮೇಲೆ ಹಡಪದವರ ಕ್ಷೌರ. ಆದರೆ ಎರಡು ವರ್ಷದ ಹಿಂದೆ ನಾದಿನಿಯ ಮದುವೆಗೆ ಸ್ವಪ್ನಾಳ ಮಾವ ಕುಂಕುಮ-ಅಕ್ಕಿ ಹಿಡಿದು ದೇವದುರ್ಗಕ್ಕೆ ಹೋಗದೆ ಲಗ್ನಪತ್ರಿಕೆಯನ್ನು ಮೊಬೈಲಿಗೆ ಕಳಿಸಿದ್ದರು. ಗಡಿಗೆಪ್ಪ ಮದುವೆಗೆ ಬರಲಿಲ್ಲ. ಬರಲಿಲ್ಲವೆಂದು ಇವರಿಗೆ ಸಿಟ್ಟು, ಕರೆಯಲಿಲ್ಲವೆಂದು ಅವನಿಗೆ ಸಿಟ್ಟು. ಬೀಗರ ಜಗಳದಲ್ಲಿ ಕೂಸು ಬಡವಾಗಲಿಲ್ಲ ನಿಜ, ಅದರ ಜಡೆ ಮಾತ್ರ ದಿನದಿನಕ್ಕೆ ಉದ್ದವಾಯಿತು. ಜಾವಳ ಬೆಸ ವರ್ಷದಲ್ಲೇ ಆಗಬೇಕು, ಮೂರನೆಯ ವರ್ಷ ತಪ್ಪಿದರೆ ಮತ್ತೆ ಐದಕ್ಕೇ ಎಂದು ಮನೆಯವರೆಲ್ಲ ಆರಾಮಾಗಿ ಲೆಕ್ಕ ಹಾಕಿಕೊಂಡಿದ್ದರು.

ಶಾಲೆಯಿಂದ ಬಂದವಳೇ ತಮ್ಮನಿಗೆ ಫೋನು ಹಚ್ಚಿದಳು. ಸುಗೂರೇಶನ ಮೇಲೆ ನನಗೇನೂ ಸಿಟ್ಟಿಲ್ಲ, ನಿಮ್ಮ ಮಾವ ಬಂದು ನನ್ನ ಹೊಸ್ತಿಲು ತುಳಿಯಲಿ, ಮರುಗಳಿಗೆಯೇ ಗಾಡಿ ಹತ್ತುತ್ತೇನೆ ಎಂದ. ಕೊನೆಗೆ, ಅಕ್ಕನನ್ನು ಸಮಾಧಾನ ಮಾಡುವ ದನಿಯಲ್ಲಿ, “ಒಂದ್ ವರ್ಷ ತಡ ಆದ್ರ ಏನ್ ಮುಣುಗತದ ಬೇ ಅಕ್ಕಾ? ಇನ್ನಾ ಸಣ್ಣಾವ ಅದಾನ,” ಎಂದ. ಸ್ವಪ್ನಾ ಫೋನಿಟ್ಟಳು. ಒಂದು ಸಲ ಇವನಿಗಾಗಿ ನನ್ನ ಶಾಲೆ ತಡವಾಯಿತು, ಇವನ ಹೆಸರಿನಲ್ಲಿ ಇನ್ನೊಂದು ಸಲ ಆಗಗೊಡುವುದಿಲ್ಲ ಎಂದುಕೊಂಡಳು.

ಗಂಡ ಮೌನೇಶ ಸಿರವಾರದ ಅಕ್ಕಿ ಗಿರಣಿಯಲ್ಲಿ ಆಪರೇಟರ್. ಅಲ್ಲಿ ಅಕ್ಕಿ ಬೇರೆ ತೌಡು ಬೇರೆ ಮಾಡುವ ಮನುಷ್ಯ, ಮನೆಯಲ್ಲಿ ಮಾತ್ರ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಿದ್ದ. ಹೆಂಡತಿ ಹೇಳುವುದೂ ಖರೆ, ಅವ್ವ ಹೇಳುವುದೂ ಖರೆ ಎಂದ. ಹಾಗಾಗಿ ಭಾನುವಾರ ಹರಕೆ ಹೊತ್ತ ದೇವರ ಊರಾದ ದೇವಸುಗೂರಿಗೆ ತಾನೊಬ್ಬಳೇ ಹೋಗಿ ಜಾವಳ ಮುಗಿಸಿಕೊಂಡು ಬರುವುದಾಗಿ ಸ್ವಪ್ನಾ ಪಡಸಾಲೆಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು. ಮಾವ ಎದ್ದು ಹೊರಗೆ ಹೋದರು. ಅತ್ತೆ ಶರಣಮ್ಮ ಸೋಸುತ್ತಿದ್ದ ಜೋಳದ ಮೊರವನ್ನು ಕೆಳಗಿಟ್ಟಳು.

“ಸೋದರಮಾವ ಇಲ್ದ ಜಾವಳ ಎಲ್ಲ್ಯಾರ ಕೇಳೀಯೇನು? ಎರಡು ಹೋದಮ್ಯಾಲ ಆ ದೇವ್ರು ಕಣ್ ಬಿಟ್ಟು ಕೊಟ್ಟ ಕೂಸು ಅದು. ನಾಳಿ ಏನರ ಹೆಚ್ಚುಕಮ್ಮಿ ಆದ್ರ?”

ಆ ಮಾತು ಎದೆಗೆ ನಾಟಿತು. ಹರಕೆ ಹೊತ್ತದ್ದು ಇದೇ ಅತ್ತೆ. ಎರಡು ಸಲ ಬಸಿರು ಇಳಿದಾಗ ರಾಯಚೂರಿನ ಆಸ್ಪತ್ರೆಯ ನೆಲದ ಮೇಲೆ ರಾತ್ರಿಯೆಲ್ಲ ಕೂತು ಕಾಯ್ದವಳೂ ಇವಳೇ. ಸ್ವಪ್ನಾಳಿಗೆ ಹೆದರಿಕೆ ಇಲ್ಲವೆಂದರೆ ಸುಳ್ಳಾಗುತ್ತದೆ. ಮಗನಿಗೆ ನೆಗಡಿಯಾದರೂ ನಿದ್ದೆಗೆಡುವ ಹೆಣ್ಣು ಅವಳು. ಆದರೆ ಹೆದರಿಕೆಗೆ ತಲೆಬಾಗುತ್ತ ಹೋದರೆ ಅದಕ್ಕೆ ಕೊನೆ ಎಲ್ಲಿ?

“ಏನರ ಆದ್ರ ನನ್ನ ಕೇಳ್ರಿ ಅತ್ತಿ,” ಎಂದಳು. “ದೇವ್ರು ಕೂದ್ಲ ಬೇಡ್ಯಾನ. ಬೀಗರ ಸಿಟ್ಟು ಬೇಡಿಲ್ಲ.”

ಭಾನುವಾರ ಮೌನೇಶ ತಮ್ಮೂರು ಮಾನ್ವಿಯ ಬಸ್‌ಸ್ಟ್ಯಾಂಡಿನ ತನಕ ಬಂದ, ಬಸ್ಸು ಹತ್ತಲಿಲ್ಲ. ಅವಳು ರಾಯಚೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು, ಗುಡಿಯ ಕಡೆ ತಿರುಗುವ ಹೊತ್ತಿಗೆ ಬಿಸಿಲು ಏರಿತ್ತು. ಕೃಷ್ಣೆಯಲ್ಲಿ ಮಗನಿಗೆ ಮುಳುಗು ಹಾಕಿಸಿ, ಒದ್ದೆ ಜಡೆ ಬಿಚ್ಚಿ, ಹಡಪದ ಅಜ್ಜನ ಮುಂದೆ ಹೋಗಿ ನಿಂತಳು. ಅಜ್ಜ ಅವಳ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ನೋಡಿದ. ಸೋದರಮಾವ ಎಲ್ಲಿ ಎಂದು ಕೇಳಿದ. ಬಂದಿಲ್ಲವೆಂದಾಗ, ಅದಕ್ಕೇನು ಚಿಂತೆ, ಇಷ್ಟು ಮಂದಿ ಗಂಡಸರಿದ್ದಾರೆ, ಒಬ್ಬರನ್ನು ಅಣ್ಣಾ ಎಂದು ಕರೆದು ಕೂರಿಸಿಬಿಡು ಎಂದು ತಾನೇ ದಾರಿ ತೋರಿಸಿದ. ಪಕ್ಕದ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ ಒಬ್ಬಾತ ಆಗಲೇ ಎದ್ದು ನಿಂತು ಪಂಚೆ ಕೊಡವಿಕೊಂಡ.

ಸ್ವಪ್ನಾ ಅವನ ಕಡೆ ತಿರುಗಲೂ ಇಲ್ಲ. ಚಕ್ಕಳಮಕ್ಕಳ ಹಾಕಿ ಕಲ್ಲಿನ ಮೇಲೆ ಕೂತು ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

“ಇವನ ಸೋದರಮಾವ ಬೆಳದದ್ದು ಇದೇ ತೊಡಿ ಮ್ಯಾಲರೀ ಯಜ್ಜಾ. ಸಾಲಿ ಬಿಟ್ಟು ಅವನ್ನ ಆಡಿಸೀನಿ ನಾನು. ಅವನ ತೊಡಿ ಆಗ್ತದಂದ್ರ ನಂದ್ಯಾಕ ಆಗಂಗಿಲ್ಲ?”

ಎದ್ದು ನಿಂತಿದ್ದಾತ ಮೆಲ್ಲಗೆ ಮತ್ತೆ ಕೂತುಕೊಂಡ. ಅಜ್ಜ ಗುಡಿಯ ಕಡೆಗೊಮ್ಮೆ ನೋಡಿದ, ನೀರಿನ ಬಟ್ಟಲನ್ನು ಇತ್ತಿಂದ ಅತ್ತ ಸರಿಸಿದ. ಆಮೇಲೆ ಪೆಟ್ಟಿಗೆಯಿಂದ ಕತ್ತರಿ ತೆಗೆದು, ಪಂಚೆಯ ಅಂಚಿಗೆ ಒರೆಸಿ, ಹಿಡಿಯನ್ನು ಅವಳ ಕಡೆಗೆ ಮಾಡಿ ಚಾಚಿದ. ದಿನಕ್ಕೆ ಹತ್ತು ಮಂದಿಗೆ ಹೇಳುವ ಅದೇ ಧಾಟಿಯಲ್ಲಿ ಹೇಳಿದ:

“ಸೋದರಮಾವ ಮೂಡಣಕ್ಕ ಮಾರಿ ಮಾಡಿ ಕೂಡಬೇಕ್ರಿ.”

ಸ್ವಪ್ನಾ ಮಗನನ್ನು ಅವಚಿಕೊಂಡು ಪೂರ್ವಕ್ಕೆ ತಿರುಗಿದಳು. ಬಿಸಿಲು ನೇರ ಕಣ್ಣಿಗೆ ಬಿತ್ತು. ನೆತ್ತಿಯ ಮೇಲಿನ ಕೂದಲನ್ನು ಎಡಗೈಯಲ್ಲಿ ಹಿಡಿದು, ಕಣ್ಣು ಮುಚ್ಚದೆ, ಕತ್ತರಿ ಹಾಕಿದಳು.