ಊದ್ ಬರುವ ಹೊತ್ತು

ಭಾವನಿಗೆ ವಾಸನೆ ತಿಳಿಯದಂತಾಗಿ ಎರಡು ವರ್ಷವಾಗಿತ್ತು. ಅದು ಗೊತ್ತಿದ್ದದ್ದು ಅಕ್ಕನಿಗೆ ಮತ್ತು ಅದೇ ಮನೆಯಲ್ಲಿದ್ದ ತಂಗಿಗೆ ಮಾತ್ರ. ಒಂದು ಜ್ವರ ಬಂದು ಹೋಗುವಾಗ ಮೂಗನ್ನೂ ಕಟ್ಟಿಕೊಂಡು ಹೋಗಿತ್ತು. ಊರು ಮಾತ್ರ ಅವನನ್ನು ಇನ್ನೂ ‘ಮೂಗಿನ ಮಹಾರಾಯ’ ಎಂದೇ ಕರೆಯುತ್ತಿತ್ತು. ಸುಗಂಧ ಬೆರೆಸುವವನಿಗೆ ಮೂಗೇ ಇಲ್ಲವೆಂದರೆ ಇನ್ನೇನು ಉಳಿಯಿತು? “ಮನೆ ಮಾನ ನಿನ್ನ ಕೈಯಲ್ಲಿದೆ ಕಣೇ” ಎಂದು ಅಕ್ಕ ಅತ್ತಳು. ತಂಗಿ ಕರಗಿದಳು. ಅಂದಿನಿಂದ ಭಾವನ ಮೂಗು ಅವಳೇ ಆದಳು.

ಮೈಗೆ ಹಚ್ಚಿದ ಸುಗಂಧ ಒಂದರ ಹಿಂದೊಂದು ಮೂರು ವಾಸನೆಯಾಗಿ, ಒಬ್ಬೊಬ್ಬರ ಮೇಲೆ ಒಂದೊಂದು ವೇಗದಲ್ಲಿ ಬಿಚ್ಚಿಕೊಳ್ಳುತ್ತದೆ, ಗಡಿಯಾರ ನೋಡಿ ಹೇಳಲಾಗದು. ಅದಕ್ಕೇ ಕೊಳ್ಳುವವರು ಬಂದಾಗ ಅವಳು ನೀರು ಕೊಡುವ ನೆಪದಲ್ಲಿ ಹತ್ತಿರ ಹಾದುಹೋಗುತ್ತಿದ್ದಳು. ಎರಡನೆಯ ವಾಸನೆ ಬಂದರೆ ಒಂದು ಕೆಮ್ಮು, ಮೂರನೆಯದು ಬಂದರೆ ಎರಡು. ಭಾವ ಕಣ್ಣು ಮುಚ್ಚಿ, ತಾನೇ ಕಂಡುಹಿಡಿದವನ ಹಾಗೆ ಬಣ್ಣಿಸುತ್ತಿದ್ದ.

ಈ ನಾಟಕದ ನಡುವೆಯೇ ಅವಳು ತನ್ನದೊಂದು ಸುಗಂಧ ಮಾಡಿ ಮುಗಿಸಿದಳು. ಆರು ವರ್ಷದ ಕೆಲಸ. ಹಚ್ಚಿದೊಡನೆ ಬಿರಿದ ಪ್ಲಮ್, ಕಪ್ಪು ದ್ರಾಕ್ಷಿ, ಬಾಯಲ್ಲಿ ನೀರೂರಿಸುವ ತುಸು ಹುಳಿ. ಅರ್ಧ ಗಂಟೆಗೆ ಆ ಸಿಹಿ ಬಾಡಿ, ಹೊಸ ಚರ್ಮದ ಚೀಲ ತೆರೆದಾಗ ಬರುವ ಒರಟು ವಾಸನೆ. ಮೂರು ಗಂಟೆ ಕಳೆದರೆ ಊದ್, ಅಂದರೆ ಅಗರು ಮರದ ಎಣ್ಣೆ. ಹೊಗೆ, ಹಳೆಯ ಮರ, ಮೈಯ ಬಿಸಿ ಎಲ್ಲ ಒಂದಾಗಿ, ಹಚ್ಚಿಕೊಂಡವರ ಸ್ವಂತ ವಾಸನೆಯೇ ಇದು ಅನ್ನಿಸಬೇಕು.

“ಇದಕ್ಕೆ ನಿನ್ನ ಹೆಸರೇ” ಎಂದು ಭಾವ ಮಾತು ಕೊಟ್ಟಿದ್ದ. ಮೊನ್ನೆ ಲೇಬಲ್ಲಿನ ಕಟ್ಟು ಬಂತು. ಬಿಚ್ಚಿದರೆ ಎಲ್ಲದರಲ್ಲೂ ಅವನದೇ ಹೆಸರು.

“ನನ್ನ ಹೆಸರಿದ್ರೆ ತಾನೆ ಮಾರಾಟ ಆಗೋದು? ನಿನ್ನನ್ನ ಯಾರು ಬಲ್ಲರು?” ಅಂದ.

ಅವಳು ಲೇಬಲ್ಲುಗಳನ್ನು ಮತ್ತೆ ಕಟ್ಟಿ ಮೂಲೆಗಿಟ್ಟಳು. ಸಿಟ್ಟನ್ನು ಆರಿಸುವ ಮನಸ್ಸಿರಲಿಲ್ಲ.

ಇಂದು ಬೆಳಿಗ್ಗೆ ಹದಿನೆಂಟು ಅಂಗಡಿಗಳ ಒಡತಿ ಬಂದಳು. ಕಾಗದದ ಪಟ್ಟಿ ಮೂಸುವವಳಲ್ಲ, ಎಡಗೈ ಚಾಚಿದಳು. ಭಾವ ಹಚ್ಚಿದ, ತನ್ನ ಮಣಿಕಟ್ಟಿಗೂ ಹಚ್ಚಿಕೊಂಡ. “ಹಣ್ಣು” ಅಂದ. ಒಡತಿ ತಲೆದೂಗಿದಳು.

ಹತ್ತೇ ನಿಮಿಷಕ್ಕೆ, ನೀರು ಕೊಟ್ಟು ಮೂಲೆಗೆ ಸರಿದಿದ್ದ ನಾದಿನಿ ಕೆಮ್ಮಿದಳು.

“ಹಾ, ಹಣ್ಣು ಸರೀತು. ಚರ್ಮ ಬಂತು ನೋಡಿ.”

“ನನಗಿನ್ನೂ ದ್ರಾಕ್ಷಿನೇ ಬರ್ತಿದೆಯಲ್ಲ?”

“ಪ್ರಯಾಣ ಮಾಡಿ ಬಂದಿದ್ದೀರಿ, ನಿಮ್ಮ ಮೂಗು ದಣಿದಿದೆ.”

ಎಂಥ ಧೈರ್ಯ! ಅವಳಿಗೆ ನಗು ತಡೆಯುವುದೇ ಕಷ್ಟವಾಯಿತು. ಎರಡು ಸಲ ಕೆಮ್ಮಿದಳು.

“ಓಹೋ, ಊದ್! ನಿಮ್ಮದು ಬಿಸಿ ಮೈ ನೋಡಿ, ಇಷ್ಟು ಬೇಗ ಬಂತು.”

ಒಡತಿ ಹುಬ್ಬು ಗಂಟಿಕ್ಕಿದಳು. ಕೈಚೀಲದ ಕಡೆ ತಿರುಗಿ ಏನೋ ಮಾಡಿ, ಬಲಗೈಯನ್ನು ಅವನ ಮೂಗಿನಡಿ ಹಿಡಿದಳು. “ಇಲ್ಲಿ?”

ಭಾವ ಕಿವಿ ನಿಮಿರಿಸಿ ಕಾದ. ಅವಳಿದ್ದ ಮೂಲೆಗೂ ಘಾಟು ಬಡಿದಿತ್ತು. ನಿಧಾನವಾಗಿ, ಎರಡು ಸಲ ಕೆಮ್ಮಿದಳು.

“ಇಲ್ಲೂ ಊದೇ. ಇನ್ನೂ ಗಾಢವಾಗಿದೆ!”

“ಅದು ನನ್ನ ಮಂಡಿನೋವಿನ ಮುಲಾಮು” ಎಂದಳು ಒಡತಿ.

ಭಾವ ಇಂಗು ತಿಂದ ಮಂಗನಂತೆ ನಿಂತ. ಪ್ರತಿ ಸಲವೂ ಕೆಮ್ಮಿನ ಹಿಂದೆಯೇ ಅವನ ಮಾತು ಬಂದದ್ದನ್ನು ಗಮನಿಸಿದ್ದ ಒಡತಿ, ಕೆಮ್ಮಿದವಳ ಕಡೆ ತಿರುಗಿದಳು. “ಈ ಸುಗಂಧ ಮಾಡಿದ್ದು ಯಾರಮ್ಮ?”

“ನಾನು.”

“ಹಾಗಾದ್ರೆ ನಿನ್ನ ಹೆಸರು ಹಾಕಿ ಕಳಿಸು. ಹದಿನೆಂಟು ಅಂಗಡಿಗೂ ಬೇಕು.”

ಒಡತಿ ಮೆಟ್ಟಿಲಿಳಿಯುವ ಮೊದಲೇ ಅಕ್ಕ ಒಳಗಿನಿಂದ ಓಡಿಬಂದಳು. “ಅವರ ಮರ್ಯಾದೆ ಮಣ್ಣುಪಾಲು ಮಾಡಿದೆಯಲ್ಲೇ, ಪಾಪಿ!” ಅವಳು ತಲೆ ತಗ್ಗಿಸಲಿಲ್ಲ. ಅಕ್ಕನ ಕಣ್ಣೀರಿಗೆ ಎರಡು ವರ್ಷ ಸೋತದ್ದು ಸಾಕಾಗಿತ್ತು. ಭಾವನ ಹೆಸರಿನ ಲೇಬಲ್ಲುಗಳನ್ನೆಲ್ಲ ಹರಿದು ಹಾಕಿದಳು, ಕೈ ನೋಯುವವರೆಗೆ. ಸಂಕಟ ಆಗಬಹುದೆಂದುಕೊಂಡಿದ್ದಳು. ಆಗಲಿಲ್ಲ, ಖುಷಿಯೇ ಆಯಿತು.

ಮಧ್ಯಾಹ್ನ ಭಾವ ಬಂದು ಅವಳೆದುರು ಕೂತ. ಮಣಿಕಟ್ಟನ್ನು ಮೂಗಿಗೆ ಒತ್ತಿ ಒತ್ತಿ ಮೂಸಿದ. ಹೆಸರು ಹಾಕಿಕೊಂಡನೇ ಹೊರತು ಸಿದ್ಧವಾದ ಆ ಸುಗಂಧದ ವಾಸನೆ ಅವನಿಗೆ ಒಮ್ಮೆಯೂ ತಿಳಿದಿರಲಿಲ್ಲ. ಕೈ ಅವಳತ್ತ ಚಾಚಿದ.

“ಹಚ್ಚಿ ಮೂರು ಗಂಟೆ ಆಯ್ತು. ಹೇಗಿದೆ ಅಂತ ಒಂದ್ಸಲ ಹೇಳಮ್ಮ. ನಿನ್ನ ಬಾಯಿಂದಾದ್ರೂ ಕೇಳ್ತೀನಿ.”

ಅವಳು ಬಾಗಿ ಮೂಸಿದಳು. ಊದ್ ಬಂದಿತ್ತು. ಹೊಗೆ, ಮರ, ಮನುಷ್ಯನ ಬಿಸಿ. ಆರು ವರ್ಷದಲ್ಲಿ ಯಾರ ಮೈಮೇಲೂ ಅದು ಇಷ್ಟು ಚೆನ್ನಾಗಿ ಅರಳಿರಲಿಲ್ಲ.

“ಏನೂ ಇಲ್ಲ ಭಾವ” ಎಂದಳು. “ಬರೀ ಬೆವರು.”